ಕೂಗು ಹಾಕದ ಅಳಿಯ

ಆ ಕಾಗದದಲ್ಲಿ ಹನ್ನೊಂದು ಪ್ರಶ್ನೆಗಳಿದ್ದವು. ಹನ್ನೊಂದಕ್ಕೂ ಉತ್ತರವನ್ನು ಯಾರೋ ಆಗಲೇ ತುಂಬಿದ್ದರು. ಕೆಳಗೆ ಮೇಸ್ತ್ರಿಯ ಸಹಿಗೆ ಬಿಟ್ಟ ಜಾಗ ಮಾತ್ರ ಖಾಲಿ ಇತ್ತು.

"ಹಾಕಿಬಿಡು ಪೆಥೆಲಿ," ಎಂದರು ಸೈಟ್ ಮ್ಯಾನೇಜರ್ ಗೌಂಡರ್, ಪೆನ್ನನ್ನು ಮೇಜಿನ ಮೇಲೆ ಅವನ ಕಡೆಗೆ ಉರುಳಿಸುತ್ತ. ಸುವಾ ಪಟ್ಟಣದ ಮಳೆ ತಗಡಿನ ಆಫೀಸಿನ ಮೇಲೆ ಎಡೆಬಿಡದೆ ಸುರಿಯುತ್ತಿತ್ತು. ಮಾತು ಕೇಳಿಸಬೇಕೆಂದರೆ ಇಬ್ಬರೂ ದನಿ ಏರಿಸಬೇಕಿತ್ತು.

"ಒಂದ್ಸಲ ಓದಿಬಿಡ್ತೀನಿ ಸಾರ್."

"ಓದೋದೇನಿದೆ? ನಡೆದದ್ದು ನಿನಗೆ ಗೊತ್ತಿಲ್ವಾ?"

ಆದರೂ ಪೆಥೆಲಿ ಓದಿದ. ಓದುವಾಗ ಅವನ ಬೆರಳು ಸಾಲಿನ ಕೆಳಗೆ ಸಾಗುತ್ತಿತ್ತು. ನಲವತ್ತು ದಾಟಿದ ಮೇಲೆ ಸಂಜೆ ತರಗತಿಗೆ ಹೋಗಿ ಕಲಿತ ಓದು ಅದು. ಬೆರಳು ತೆಗೆದರೆ ಸಾಲು ತಪ್ಪುತ್ತದೆಂಬ ಭಯ ಇನ್ನೂ ಹೋಗಿರಲಿಲ್ಲ. ಐದನೆಯ ಪ್ರಶ್ನೆ, ಭಾರ ಎತ್ತುವ ಸಾಧನ ಸ್ಥಳದಲ್ಲಿ ಇತ್ತೇ? ಇತ್ತು ಎಂದು ಬರೆದಿತ್ತು. ಏಳನೆಯದು, ಭಾರ ಕೈತಪ್ಪುವ ಮೊದಲು ಕೆಲಸಗಾರ ಜೊತೆಯವನಿಗೆ ಎಚ್ಚರಿಕೆ ಕೊಟ್ಟನೇ? ಇಲ್ಲ ಎಂದು ಬರೆದಿತ್ತು.

"ಸಾರ್, ಭಾರ ಎತ್ತೋ ಚೈನ್ ಬ್ಲಾಕ್ ಇಲ್ಲಿರಲಿಲ್ಲ. ಸಮಾಬುಲಾ ಸೈಟಿಗೆ ಹೋಗಿತ್ತು."

"ಕಂಪನಿ ಲೆಕ್ಕದಲ್ಲಿ ಅದು ಈ ಸೈಟಿಂದೇ ಕಣೋ. ಎರಡು ದಿನಕ್ಕೆ ಅಂತ ತಗೊಂಡು ಹೋಗಿದ್ರು ಅಷ್ಟೆ." ಗೌಂಡರ್ ಕಣ್ಣು ಉಜ್ಜಿಕೊಂಡರು. ಅವರೂ ಎರಡು ದಿನದಿಂದ ನಿದ್ದೆ ಮಾಡಿದಂತೆ ಕಾಣಲಿಲ್ಲ. "ಅದು ಬಿಡು. ಏಳನೇದು ನೋಡು. ಕೈ ಜಾರಿದ್ರೆ ಕೂಗಬೇಕು ಅಂತ ಪ್ರತಿ ಸೋಮವಾರ ಪಾಠ ಹೇಳೋನು ನೀನೇ ತಾನೆ? ರುಪೆನಿ ಕೂಗಿದ್ನಾ?"

"ಇಲ್ಲ ಸಾರ್."

"ಮತ್ತೆ?"

"ಹೀಗೆ ಬರೆದ್ರೆ ಅವನಿಗೇನಾಗುತ್ತೆ?"

ಗೌಂಡರ್ ಕಿಟಕಿಯ ಕಡೆ ನೋಡಿದರು. "ತಪ್ಪು ಅವನದೇ ಅಂತಾಗುತ್ತೆ. ಪರಿಹಾರ ಸಿಗೋದು ಕಷ್ಟ. ಬೇರೆ ಥರ ಬರೆದ್ರೆ ತಪ್ಪು ಯಾರದು ಅಂತ ಹುಡುಕಿಕೊಂಡು ಬರ್ತಾರೆ. ಬಂದ್ರೆ ಮೊದಲು ಸಿಗೋನು ಯಾರು, ನೀನೇ ಹೇಳು. ಮೇಸ್ತ್ರಿ ಅಂತ ಬಿಳಿ ಹೆಲ್ಮೆಟ್ ಹಾಕಿಕೊಂಡೋನು." ಪೆನ್ನು ಎತ್ತಿಟ್ಟುಕೊಂಡು, "ನಾಳೆ ಮಧ್ಯಾಹ್ನದೊಳಗೆ ತಂದುಕೊಡು," ಎಂದರು.

ಪೆಥೆಲಿ ಕಾಗದವನ್ನು ಮಡಿಸಿ, ನೆನೆಯದಂತೆ ಅಂಗಿಯೊಳಗೆ ಇಟ್ಟುಕೊಂಡ.

ಸೋಮವಾರದ ಆ ಪಾಠ ಅವನ ಹೆಮ್ಮೆಯೂ ಆಗಿತ್ತು, ಭಯವೂ ಆಗಿತ್ತು. ಕೆಲಸ ಶುರುವಾಗುವ ಮೊದಲು ಹನ್ನೆರಡು ಜನರನ್ನು ಸಿಮೆಂಟ್ ಮೂಟೆಗಳ ಮುಂದೆ ನಿಲ್ಲಿಸಿ, ತರಗತಿಯಲ್ಲಿ ಬರೆದುಕೊಂಡ ನೋಟ್‌ಬುಕ್ ಹಿಡಿದು ಹೇಳುತ್ತಿದ್ದ. "ಕಾಲು ಅಗಲ ಮಾಡಿ. ಮಂಡಿ ಬಗ್ಗಿಸಿ, ಸೊಂಟ ಅಲ್ಲ. ಬೆನ್ನು ನೆಟ್ಟಗಿರಲಿ. ಭಾರ ಹೊಟ್ಟೆಗೆ ಅಂಟಿಕೊಂಡಿರಲಿ. ತಿರುಗಬೇಕಾದ್ರೆ ಪಾದ ತಿರುಗಿಸಿ, ನಡು ತಿರುಗಿಸಬೇಡಿ."

"ಹೊಟ್ಟೆಗೆ ಅಂಟಿಸೋದು ನಿನಗೆ ಸುಲಭ ಬಿಡು ಭಾವ," ಎಂದು ರುಪೆನಿ ಹಿಂದಿನಿಂದ ಕೂಗುತ್ತಿದ್ದ. "ಭಾರ ಬರೋದಕ್ಕೆ ಮುಂಚೆ ನಿನ್ನ ಹೊಟ್ಟೆನೇ ಅದನ್ನ ಎದುರುಗೊಳ್ಳೋಕೆ ಹೋಗುತ್ತೆ."

"ನಿನ್ನ ಮಂಡಿ ಬಗ್ಗೋದು ಚರ್ಚಲ್ಲಿ ಮಾತ್ರ ಕಣೋ. ಅದೂ ಬಗ್ಗಿದ ಮೇಲೆ ಗೊರಕೆ."

"ಪ್ರಾರ್ಥನೆ ಅದು! ನಿನ್ನ ಪಾಪಕ್ಕೆ ಅಷ್ಟು ಜೋರಾಗೇ ಮಾಡಬೇಕು!"

ಎಲ್ಲರೂ ನಗುತ್ತಿದ್ದರು. ಭಾವಂದಿರು ಹೀಗೆ ಒಬ್ಬರನ್ನೊಬ್ಬರು ಗೇಲಿ ಮಾಡದಿದ್ದರೆ ಏನೋ ಜಗಳವಾಗಿದೆ ಎಂದೇ ಅವರ ದ್ವೀಪದ ಜನ ತಿಳಿಯುವುದು. ರುಪೆನಿಗೆ ಬಾಯಿ ಮಾತ್ರವಲ್ಲ, ಕಾಲೂ ಸುಮ್ಮನಿರುತ್ತಿರಲಿಲ್ಲ. ಸಾರುವೆಯ ಹಲಗೆ ಸಿಕ್ಕರೆ ಸಾಕು, ಬೂಟು ಬಡಿದು ನಾಲ್ಕು ಹೆಜ್ಜೆ ಕುಣಿದೇ ಮುಂದೆ ಹೋಗುತ್ತಿದ್ದ.

ಆದರೆ ವೈಸಾಕೆ ಬಂದು ನಿಂತರೆ ಅದೇ ರುಪೆನಿಯ ಬಾಯಿ ಮುಚ್ಚಿಹೋಗುತ್ತಿತ್ತು. ತಲೆ ತಗ್ಗಿಸಿ ಗುಂಪಿನ ಆಚೆ ತುದಿಗೆ ಸರಿದುಕೊಳ್ಳುತ್ತಿದ್ದ. ವೈಸಾಕೆ ಪೆಥೆಲಿಗೆ ಚಿಕ್ಕಪ್ಪ, ರುಪೆನಿಗೆ ಹೆಣ್ಣು ಕೊಟ್ಟ ಮಾವ. ಅವರ ಕಡೆ ಮಾವ ಅಳಿಯ ಎದುರೆದುರು ಮಾತಾಡುವುದಿಲ್ಲ. ಸಿಟ್ಟಿನಿಂದಲ್ಲ, ಗೌರವದಿಂದ. ಮಾವನಿಗೆ ಒಂದು ಮಾತು ತಲುಪಿಸಬೇಕಾದರೆ ನಡುವೆ ಒಬ್ಬರು ಬೇಕು. ಮನೆಯಲ್ಲಿ ಆರು ವರ್ಷದಿಂದ ಆ ಕೆಲಸ ವೈಸಾಕೆಯ ಮಗಳು ಉನೈಸಿಯದು. ಒಂದೇ ಚಾಪೆಯ ಎರಡು ತುದಿಯಲ್ಲಿ ಕೂತು "ಉಪ್ಪು ಬೇಕಾ ಅಂತ ಕೇಳು", "ಸಾಕು ಅಂತ ಹೇಳು" ಎನ್ನುತ್ತ ಊಟ ಮಾಡುವವರು ಅವರು. ಇನ್ನು ಮಾವನಿಗೆ ದನಿ ಏರಿಸಿ ಕೂಗುವುದೆಂದರೆ, ಹುಚ್ಚು ಹಿಡಿದವನೂ ಮಾಡಲಾರ.

ಇದು ಸೈಟಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಪೆಥೆಲಿಗೆ ಗೊತ್ತಿತ್ತು. ಅದಕ್ಕೇ ಒಂಬತ್ತು ತಿಂಗಳಿಂದ ವೈಸಾಕೆಯನ್ನು ಕೆಳಗೆ ಕಾಂಕ್ರೀಟ್ ಮಿಕ್ಸರ್ ಹತ್ತಿರ, ರುಪೆನಿಯನ್ನು ಮೇಲೆ ಇಟ್ಟಿದ್ದ. ಯಾರಿಗೂ ಹೇಳಿರಲಿಲ್ಲ. ಗೌಂಡರ್ ಕೇಳಿಯೂ ಇರಲಿಲ್ಲ.

ಬುಧವಾರ ಇಬ್ಬರು ಆಳುಗಳು ಊರಿನ ಸಾವಿಗೆ ಹೋಗಿದ್ದರು. ಆರು ಲಿಂಟಲ್‌ಗಳು ಎರಡನೆಯ ಮಹಡಿಗೆ ಹೋಗಬೇಕಿತ್ತು. ಕಾಂಕ್ರೀಟಿನಲ್ಲಿ ಎರಕ ಹೊಯ್ದ ತೊಲೆಗಳು ಅವು, ಒಂದೊಂದೂ ಎಂಬತ್ತು ಕಿಲೋ. ಚೈನ್ ಬ್ಲಾಕ್ ಇಲ್ಲ. ಇಳಿಜಾರಾಗಿ ಹಾಕಿದ ಹಲಗೆಯ ದಾರಿ ಇಬ್ಬರು ಹಿಂದೆ ಮುಂದೆ ನಡೆಯುವಷ್ಟೇ ಅಗಲ. ಎಂಬತ್ತು ಕಿಲೋ ಇಬ್ಬರ ಭಾರವಲ್ಲ ಎಂದು ನೋಟ್‌ಬುಕ್ಕಿನಲ್ಲಿ ಅಡಿಗೆರೆ ಎಳೆದು ಬರೆದುಕೊಂಡಿದ್ದವನೇ ಪೆಥೆಲಿ. ಗುರುವಾರದೊಳಗೆ ಆಗಲೇಬೇಕು ಎಂದು ಮೇಲಿನಿಂದ ಹೇಳಿಕಳಿಸಿದ್ದರು. ಅವನು ಬೇಡ ಅನ್ನಲಿಲ್ಲ. ಮುಂದೆ ತಾನು, ಹಿಂದೆ ರುಪೆನಿ. "ಒಂದು, ಎರಡು, ಎತ್ತು!" ಎಂದು ತಾನೇ ಕರೆ ಕೊಟ್ಟ. ಹಿಂದಿನಿಂದ ಬಾಯಿ ನಿಲ್ಲಲೇ ಇಲ್ಲ. "ನಿಲ್ಲು ಭಾವ, ನಿಲ್ಲು, ಕೈ ಬದಲಿಸ್ತೀನಿ! ಹೂಂ, ಈಗ ನಡಿ ಮುದುಕಪ್ಪ!" ನಾಲ್ಕು ಲಿಂಟಲ್ ಹೀಗೇ ಮೇಲೆ ಹೋದವು.

ಆಗ ಇಟ್ಟಿಗೆ ಲಾರಿ ಬಂತು. ಎಣಿಸಿ ಇಳಿಸಿಕೊಳ್ಳಲು ಮೇಸ್ತ್ರಿಯೇ ಹೋಗಬೇಕು. ಪೆಥೆಲಿ ಸುತ್ತ ನೋಡಿದ. ಕೈಖಾಲಿ ಇದ್ದವನು ವೈಸಾಕೆ ಒಬ್ಬನೇ. ಐವತ್ತೆಂಟಾದರೂ ಗಟ್ಟಿ ಆಳು. ಮಾವ ಅಳಿಯನನ್ನು ಒಟ್ಟಿಗೆ ಹಾಕಬಾರದೆಂದು ಒಂದು ಕ್ಷಣ ಪೆಥೆಲಿಗೆ ಹೊಳೆದಿತ್ತು. ಹೊಳೆಯಲಿಲ್ಲ ಎಂದು ಆಮೇಲೆ ಎಷ್ಟು ಸಲ ತನಗೆ ತಾನೇ ಹೇಳಿಕೊಂಡರೂ ಅದು ನಿಜವಾಗಲಿಲ್ಲ. ಹೊಳೆದಿತ್ತು. ಇನ್ನು ಎರಡೇ ತಾನೆ, ಎಂದುಕೊಂಡ.

"ಚಿಕ್ಕಪ್ಪ, ಮುಂದೆ ಹಿಡೀತೀಯಾ? ಎರಡೇ."

ವೈಸಾಕೆ ಕೈಗವಸು ಹಾಕಿಕೊಂಡ.

ಐದನೆಯದು ಹೋಯಿತು. ಆರನೆಯದು ಹೋಗುವಾಗ ಹನಿ ಶುರುವಾಗಿತ್ತು. ಪೆಥೆಲಿ ಲಾರಿಯ ಪಕ್ಕ, ಹಲಗೆಯ ದಾರಿಗೆ ಬೆನ್ನು ಹಾಕಿ ನಿಂತಿದ್ದ. ಬೂಟಿನ ಸದ್ದು ಕೇಳಿಸಿತು. ಧಬ್, ಧಬ್, ಧಬ್. ಆಮೇಲೆ ಓಡುವಂಥ ಹೆಜ್ಜೆ. ಆಮೇಲೆ ಹಲಗೆ ಉಜ್ಜಿದ ಸದ್ದು. ತಿರುಗಿ ನೋಡುವಷ್ಟರಲ್ಲಿ ರುಪೆನಿ ಎರಡಾಳು ಎತ್ತರದಿಂದ ಬೆನ್ನಡಿಯಾಗಿ ಬಿದ್ದಿದ್ದ. ಲಿಂಟಲ್ ಅವನ ಸೊಂಟಕ್ಕೆ ಅಡ್ಡವಾಗಿ ಬಿದ್ದು ಎರಡು ತುಂಡಾಗಿತ್ತು. ಮೇಲೆ ಹಲಗೆಯ ಮೇಲೆ ವೈಸಾಕೆ ಮಂಡಿಯೂರಿ, ಕೈಗವಸು ಹರಿದು ಚರ್ಮ ಸುಲಿದ ಎರಡು ಕೈಗಳನ್ನೂ ಮುಂದೆ ಚಾಚಿಕೊಂಡೇ ಇದ್ದ.

ಕಾಗದ ಕೈಗೆ ಬಂದ ಸಂಜೆ ಪೆಥೆಲಿ ಸೈಟಿನಿಂದ ನೇರವಾಗಿ ಆಸ್ಪತ್ರೆಗೆ ಹೋದ. ವಾರ್ಡಿನ ಬಾಗಿಲ ಹೊರಗೆ ಬೆಂಚಿನ ಮೇಲೆ ವೈಸಾಕೆ ಕೂತಿದ್ದ. ಕೈಗೆ ಬ್ಯಾಂಡೇಜು, ತೊಡೆಯ ಮೇಲೆ ಬೇಯಿಸಿದ ಕೆಸುವಿನ ಗೆಡ್ಡೆಯ ಡಬ್ಬಿ. ಬಾಗಿಲಿಗೆ ಬೆನ್ನು ಮಾಡಿದ್ದ. ಎರಡು ದಿನದಿಂದ ಅಲ್ಲೇ ಇದ್ದ, ಒಳಗೆ ಕಾಲಿಟ್ಟಿರಲಿಲ್ಲ.

"ಉನೈಸಿ ಮಗೂಗೆ ಸ್ನಾನ ಮಾಡಿಸೋಕೆ ಮನೆಗೆ ಹೋದ್ಳು," ಎಂದ. "ಇದನ್ನ ಒಳಗೆ ಕೊಡು. ತಿನ್ನೋಕೆ ಹೇಳು."

ರುಪೆನಿ ಬಾಗಿಲ ಪಕ್ಕದ ಮಂಚದ ಮೇಲೆ ಮೇಲ್ಮುಖವಾಗಿ ಮಲಗಿದ್ದ. ಸೊಂಟದಿಂದ ಕೆಳಗಿನ ಹೊದಿಕೆಯಲ್ಲಿ ಒಂದು ಸುಕ್ಕೂ ಅಲುಗುತ್ತಿರಲಿಲ್ಲ. ಕಾಲು ಮತ್ತೆ ಬರುವುದು ಅನುಮಾನ ಎಂದು ಡಾಕ್ಟರು ಬೆಳಿಗ್ಗೆ ಹೇಳಿದ್ದರು.

"ಬಂದ್ಯಾ ಭಾವ? ಮೇಸ್ತ್ರಿ ಬಂದಾಗ ಎದ್ದು ನಿಲ್ಲಬೇಕು. ಇವತ್ತೊಂದಿನ ಮಾಫಿ ಮಾಡು."

ಪೆಥೆಲಿಗೆ ನಗಲಾಗಲಿಲ್ಲ. ಕಾಗದ ತೆಗೆದು ಏಳನೆಯ ಪ್ರಶ್ನೆಯನ್ನು ಬೆರಳಿಟ್ಟು ಓದಿ ಹೇಳಿದ. ಐದನೆಯದನ್ನೂ ಹೇಳಿದ. ಸಹಿ ಹಾಕಿದರೆ ಏನಾಗುತ್ತದೆ, ಹಾಕದಿದ್ದರೆ ಏನಾಗುತ್ತದೆ ಎಂಬುದನ್ನೂ ಹೇಳಿದ.

"ಯಾಕೋ ಕೂಗಲಿಲ್ಲ ನೀನು?"

"ಗೊತ್ತಿದ್ದೂ ಕೇಳ್ತೀಯಲ್ಲ." ರುಪೆನಿಯ ದನಿ ತಗ್ಗಿತು. "ಮುಂದೆ ನೀನಿದ್ದಿದ್ರೆ ನಿನ್ನ ಅಜ್ಜನ ಹೆಸರು ಹಿಡಿದು ಕೂಗ್ತಿದ್ದೆ. ಕೈಗವಸು ನೆಂದು ಜಾರ್ತಿತ್ತು. ಏರಲ್ಲಿ ಭಾರ ಎಲ್ಲ ಹಿಂದಕ್ಕೇ ಬರುತ್ತಲ್ಲ. ಬಾಯಿ ತೆರೆದೆ ಭಾವ, ನಿಜವಾಗ್ಲೂ ತೆರೆದೆ. ದನಿ ಬರಲಿಲ್ಲ. ಅದಕ್ಕೇ ಕಾಲಲ್ಲಿ ತುಳಿದೆ. ಮೂರು ಸಲ. ನಿಲ್ತಾರೆ ಅಂದ್ಕೊಂಡೆ."

ಪೆಥೆಲಿಯ ಬೆರಳು ಕಾಗದದ ಮೇಲೆ ನಿಂತುಹೋಯಿತು.

"ನೀನು ಕೆಳಗೇ ಇದ್ದೆಯಲ್ಲ," ಎಂದ ರುಪೆನಿ. "ನಿನಗೆ ಕೇಳಿಸಲಿಲ್ವಾ?"

ಕೇಳಿಸಲಿಲ್ಲ ಎನ್ನಬಹುದಿತ್ತು. ಲಾರಿಯ ಇಂಜಿನ್ ಓಡುತ್ತಿತ್ತು, ಯಾರೂ ಅನುಮಾನಪಡುತ್ತಿರಲಿಲ್ಲ.

"ಕೇಳಿಸ್ತು. ನೀನು ಕುಣೀತಿದ್ದೀಯ ಅಂದ್ಕೊಂಡೆ."

ರುಪೆನಿಗೆ ನಗು ಬಂತು. ಎದೆಯಲ್ಲಿ ಎದ್ದ ನಗು ಬೆನ್ನಿಗೆ ತಾಗಿದಾಗ ಹಲ್ಲು ಕಚ್ಚಿ ಕಣ್ಣು ಮುಚ್ಚಿದ. ಕಣ್ಣಿನ ಮೂಲೆಯಿಂದ ನೀರು ಕಿವಿಯ ಕಡೆಗೆ ಇಳಿಯಿತು.

"ಪೆಥೆಲಿ," ಎಂದು ಬಾಗಿಲ ಹೊರಗಿನಿಂದ ದನಿ ಬಂತು. ಬೆಂಚಿಗೂ ಮಂಚಕ್ಕೂ ನಡುವೆ ಎರಡು ಮೊಳ ಜಾಗವಿದ್ದಿರಬಹುದು. "ಅವನನ್ನ ಕೇಳು. ತುಳಿದದ್ದು ನಿಲ್ಲು ಅನ್ನೋಕಾ ಅಂತ."

ರುಪೆನಿ ಚಾವಣಿಯನ್ನೇ ನೋಡುತ್ತಿದ್ದ. ಕೇಳಿಸಿದರೂ ಕೇಳಿಸದಂತಿರುವುದು ಅವನ ಕರ್ತವ್ಯ. ಪೆಥೆಲಿ ಆ ಮಾತನ್ನು ಎತ್ತಿಕೊಂಡು ಎರಡು ಹೆಜ್ಜೆ ಈಚೆ ತಂದ. "ತುಳಿದದ್ದು ನಿಲ್ಲು ಅನ್ನೋಕಾ ಅಂತ ಕೇಳ್ತಿದ್ದಾರೆ."

"ಹೌದು ಅಂತ ಹೇಳು."

"ಹೌದಂತೆ ಚಿಕ್ಕಪ್ಪ."

ಪಕ್ಕದ ಮಂಚದವನು ಕೆಮ್ಮಿದ. ನರ್ಸೊಬ್ಬಳು ಬಂದು ಹೋದಳು.

"ಅವನಿಗೆ ಹೇಳು," ಎಂದ ವೈಸಾಕೆ. "ಹಲಗೆ ಅದುರಿದ್ದು ನನ್ನ ಅಂಗಾಲಿಗೂ ಗೊತ್ತಾಯ್ತು ಅಂತ ಹೇಳು. ಮುದುಕ ನಿಧಾನ ಮಾಡ್ತಿದ್ದಾನೆ, ಬೇಗ ನಡಿ ಅಂತ ತುಳೀತಿದ್ದಾನೆ ಅಂದ್ಕೊಂಡೆ. ನನಗೆ ಸಿಟ್ಟು ಬಂತು. ಬೇಕಂತಲೇ ಹೆಜ್ಜೆ ಜೋರು ಮಾಡಿದೆ. ಹಾಗಂತ ಹೇಳು."

ಪೆಥೆಲಿ ಬಾಗಿಲ ಚೌಕಟ್ಟಿಗೆ ಕೈ ಊರಿ ನಿಂತ. ನಡುವಿನವನು ತಲುಪಿಸುವ ತನಕ ಆ ಮಾತು ಆಡಿದಂತೆ ಲೆಕ್ಕವಿಲ್ಲ. ಅವನು ಸುಮ್ಮನಿದ್ದರೆ ಅದು ಅಲ್ಲೇ ಹೊಸಿಲಲ್ಲಿ ಸತ್ತುಹೋಗುತ್ತದೆ. ರುಪೆನಿ ಕೇಳಿಸಿಕೊಂಡದ್ದನ್ನು ಎಂದೂ ಒಪ್ಪಿಕೊಳ್ಳಬೇಕಿಲ್ಲ, ವೈಸಾಕೆ ಹೇಳಿದ್ದಕ್ಕೆ ಎಂದೂ ತಲೆ ತಗ್ಗಿಸಬೇಕಿಲ್ಲ. ಮೊನ್ನೆಯೂ ಹೀಗೇ, ಬಾಯಿ ತೆರೆಯದಿದ್ದರೆ ಎಲ್ಲ ತಾನಾಗಿ ಸರಿಹೋಗುತ್ತದೆ ಎಂದು ಲಾರಿಯ ಕಡೆ ತಿರುಗಿದ್ದೆನಲ್ಲ, ಎಂದುಕೊಂಡ. ಇದು ಅದೇ ಹೌದೋ ಅಲ್ಲವೋ ಅವನಿಗೆ ತಿಳಿಯಲಿಲ್ಲ.

"ಹೇಳು," ಎಂದ ವೈಸಾಕೆ ಮತ್ತೆ. ಅದು ಬೇಡಿಕೊಂಡಂತಿತ್ತು.

ಪೆಥೆಲಿ ಹೇಳಿದ. ಒಂದು ಮಾತನ್ನೂ ಬಿಡಲಿಲ್ಲ. 'ಸಿಟ್ಟು ಬಂತು' ಎನ್ನುವಲ್ಲಿ ನಾಲಿಗೆ ತೊಡರಿತು, ಅದನ್ನೂ ಹೇಳಿದ.

"ಮುಂದಿದ್ದವರಿಗೆ ಹಿಂದಿನದು ಕಾಣೋದಿಲ್ಲ ಅಂತ ಮಾವನಿಗೆ ಹೇಳು," ಎಂದ ರುಪೆನಿ. ಪೆಥೆಲಿ ಅದನ್ನು ಹೊರಗೆ ದಾಟಿಸಿದ. ಆಮೇಲೆ ರುಪೆನಿ ಕಣ್ಸನ್ನೆಯಿಂದ ಅವನನ್ನು ಹತ್ತಿರ ಕರೆದು ಪಿಸುಗುಟ್ಟಿದ. "ಇದು ಮಾತ್ರ ನಿನಗೆ, ಭಾವ. ಆ ಕಾಗದದಲ್ಲಿ ಮಾವನ ಹೆಸರು ಬರೀಬೇಡ. ಬರೆದ್ರೆ ನಾನು ತುಳಿಯಲೇ ಇಲ್ಲ ಅಂತೀನಿ. ಯಾರು ಬಂದು ಕೇಳಿದ್ರೂ ಹಾಗೇ ಅಂತೀನಿ."

"ನಿನ್ನ ಮಗು ಇದೆ ಕಣೋ. ಪರಿಹಾರ..."

"ಗೊತ್ತು."

ಪೆಥೆಲಿ ಹೊರಗೆ ಬಂದಾಗ ವೈಸಾಕೆ ಎದ್ದು ನಿಂತಿದ್ದ. "ನನ್ನ ಹೆಸರು ಬರಿ," ಎಂದ. "ವೈಸಾಕೆ ಬೇಕಂತಲೇ ಜೋರಾಗಿ ನಡೆದ ಅಂತ ಬರಿ. ನಾನು ಕೆಳಗೆ ಹೆಬ್ಬೆಟ್ಟು ಒತ್ತುತ್ತೀನಿ. ಕೈಗೆ ಬಟ್ಟೆ ಸುತ್ತಿದ್ದಾರೆ, ಹೆಬ್ಬೆಟ್ಟು ಮಾತ್ರ ಹೊರಗಿದೆ ನೋಡು."

"ಅವನು ಬೇಡ ಅಂತಾನೆ ಚಿಕ್ಕಪ್ಪ."

"ಅವನು ಅನ್ನಲೇಬೇಕು. ಅಳಿಯ ಅವನು. ನೀನು ಬರಿ."

ಡಬ್ಬಿಯನ್ನು ಕೊಡಲು ಮರೆತಿದ್ದೇನೆಂದು ಪೆಥೆಲಿಗೆ ಆಗ ನೆನಪಾಯಿತು. ಒಳಗೆ ಹೋಗಿ ಕೊಟ್ಟ. ರುಪೆನಿ ತಿನ್ನಲಿಲ್ಲ, ಎದೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದುಕೊಂಡ.

ಮರುದಿನ ಬೆಳಿಗ್ಗೆ ಚಹಾ ಹೊತ್ತಿಗೆ ಪೆಥೆಲಿ ಸಿಮೆಂಟ್ ಮೂಟೆಗಳ ಹಿಂದೆ ಕೂತು ಬರೆದ. ಐದನೆಯ ಉತ್ತರ ಹೊಡೆದುಹಾಕಿ 'ಇರಲಿಲ್ಲ' ಎಂದು ಬರೆದ. ಏಳನೆಯದನ್ನು ಹೊಡೆದುಹಾಕಿ 'ಕೊಟ್ಟ' ಎಂದು ಬರೆದ. ಜಾಗ ಸಾಲದೆ ಹಿಂಬದಿಯಲ್ಲಿ ಮುಂದುವರಿಸಿದ.

'ರುಪೆನಿ ಮೂರು ಸಲ ಹಲಗೆ ತುಳಿದು ಎಚ್ಚರಿಕೆ ಕೊಟ್ಟ. ಇಬ್ಬರಿಗೆ ಕೇಳಿಸಿತು. ಇಬ್ಬರಿಗೂ ಅರ್ಥವಾಗಲಿಲ್ಲ. ಬಾಯಿಂದ ಕೂಗಲು ಅವನಿಗೆ ಸಾಧ್ಯವಿರಲಿಲ್ಲ, ಮುಂದೆ ಇದ್ದದ್ದು ಅವನ ಮಾವ. ಅವರಿಬ್ಬರನ್ನು ಒಟ್ಟಿಗೆ ಹಾಕಬಾರದೆಂದು ನನಗೆ ಮೊದಲೇ ಗೊತ್ತಿತ್ತು. ನಾನೇ ಹಾಕಿದೆ. ಕೂಗಲಾಗದವನು ಏನು ಮಾಡಬೇಕು ಎಂದು ನಾನು ಯಾರಿಗೂ ಕಲಿಸಿರಲಿಲ್ಲ. ಭಾರವೂ ಇಬ್ಬರದ್ದಾಗಿರಲಿಲ್ಲ.'

ಬರೆದು ಮುಗಿಸಿ ಮೂರು ಸಲ ಓದಿದ. ಒಬ್ಬನನ್ನು ಉಳಿಸಲು ಹೋಗಿ ಇನ್ನೊಬ್ಬನ ಬಗ್ಗೆ ಸುಳ್ಳು ಹೇಳಿದೆನೇ, ಹೆಸರು ಬರೆಯದಿರುವುದೂ ಸುಳ್ಳೇ, ಎಂದು ಯೋಚಿಸಿದ. ಉತ್ತರ ಹೊಳೆಯುವ ಮೊದಲೇ ಚಹಾ ಹೊತ್ತು ಮುಗಿಯಿತು.

ಗೌಂಡರ್ ಕನ್ನಡಕ ಹಾಕಿಕೊಂಡು ಎರಡೂ ಬದಿ ಓದಿದರು.

"ಇಬ್ಬರಿಗೆ ಕೇಳಿಸ್ತು ಅಂದ್ರೆ ಯಾರ್ಯಾರು?"

"ಒಬ್ಬ ನಾನು ಸಾರ್."

"ಇನ್ನೊಬ್ಬ?"

ಪೆಥೆಲಿ ಹೆಲ್ಮೆಟ್ ತೆಗೆದು ಮೇಜಿನ ಮೇಲೆ ಇಟ್ಟ. "ತುಳಿದ್ರೆ ನಿಲ್ಲಬೇಕು ಅಂತ ನಾನು ಒಂದು ಸೋಮವಾರ ಹೇಳಿಕೊಟ್ಟಿದ್ರೆ ಆ ಇನ್ನೊಬ್ಬನಿಗೂ ಅರ್ಥ ಆಗ್ತಿತ್ತು. ಅಷ್ಟು ಬರ್ಕೊಳ್ಳಿ ಸಾರ್. ಅದಕ್ಕಿಂತ ಹೆಚ್ಚು ನಾನು ಹೇಳೋದಿಲ್ಲ."

ಗೌಂಡರ್ ಹೆಲ್ಮೆಟನ್ನು ನೋಡಿದರು. ಅದನ್ನು ವಾಪಸು ತಗೊ ಎನ್ನಲಿಲ್ಲ. "ಚೈನ್ ಬ್ಲಾಕ್ ವಿಷಯಕ್ಕೆ ನನ್ನ ಕೆಲಸಾನೂ ಹೋಗಬಹುದು, ಗೊತ್ತಾ?"

"ಗೊತ್ತು ಸಾರ್."

"ಇಷ್ಟೆಲ್ಲ ಬರೆದ್ಯಲ್ಲ. ಇದರಿಂದ ಅವನ ಕಾಲು ಬರುತ್ತಾ?"

"ಬರಲ್ಲ ಸಾರ್."

ಮಳೆ ನಿಂತಿತ್ತು, ದನಿ ಏರಿಸಬೇಕಾಗಿರಲಿಲ್ಲ. ಗೌಂಡರ್ ಕಾಗದವನ್ನು ತಿರುಗಿಸಿ ಕೆಳಗಿನ ಖಾಲಿ ಜಾಗ ತೋರಿಸಿದರು. ಪೆಥೆಲಿ ಸಹಿ ಹಾಕಿದ. ಹೆಸರಿನ ಕೊನೆ ಗೆರೆಯಿಂದ ಕೆಳಗೆ ಜಾರಿತು.

"ವಕ್ರ ಆಯ್ತು ಸಾರ್. ಇನ್ನೊಂದ್ಸಲ ಹಾಕ್ಲಾ?"

"ಬೇಡ," ಎಂದರು ಗೌಂಡರ್. "ಇದೇ ಸಾಕು."